ಅತ್ತೆ ಸೋಸಿದ ಹೊಳೆ

ಹುಮನಾಬಾದ, ಹೊರಡುವ ಮುನ್ನ

ವಿದೇಶಕ್ಕೆ ಹೋಗಿ ಬಂದವರು ಏನೇನೋ ತರುತ್ತಾರೆ. ನಾನು ತಂದದ್ದು ಒಂದು ಬಿಳಿ ಪ್ಲಾಸ್ಟಿಕ್ ತಟ್ಟೆ. ಅಡುಗೆಗೂ ಬಾರದ, ಶೋಕೇಸಿಗೂ ಒಪ್ಪದ ಆ ತಟ್ಟೆ ಈಗ ಹುಮನಾಬಾದದ ನಮ್ಮ ಮನೆಯ ಹಿತ್ತಲ ಗೋಡೆಗೆ ಒರಗಿ ನಿಂತಿದೆ. ಅದರ ಕತೆಯನ್ನು ಅತ್ತೆಯಿಂದಲೇ ಶುರು ಮಾಡಬೇಕು. ಈ ಪ್ರವಾಸದಲ್ಲಿ ಆದ ಎಡವಟ್ಟುಗಳಿಗೂ, ಒಂದೇ ಒಂದು ದೊಡ್ಡ ಒಳ್ಳೆಯದಕ್ಕೂ ಅವರೇ ಕಾರಣ.

ಅತ್ತೆ ಕೊಹಿನೂರ ಎಂಬ ಹಳ್ಳಿಯವರು. ಹುಡುಗಿಯಾಗಿದ್ದಾಗ ಆಡು, ದನ, ಎಮ್ಮೆ ಎಲ್ಲ ಕಾಯ್ದವರು. ಈ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾದರೂ ಎಮ್ಮೆಯ ಹಗ್ಗ ಕೈಯಿಂದ ಬಿಟ್ಟಿಲ್ಲ. ಈಗಿರುವ ಎಮ್ಮೆಯ ಹೆಸರು ಚಂದ್ರಿ. ಕಳೆದ ಚಳಿಗಾಲದಿಂದ ಚಂದ್ರಿಯ ಮೇಲೆ ಅವರದು ಒಂದೇ ತಕರಾರು.

"ಮನಿ ಹಿಂದ ಹಳ್ಳ ಹರಿಯಾಕತ್ತದ. ಈಕಿ ಅಲ್ಲಿ ಬಾಯಿ ಇಡಾಕ ಒಲ್ಲೆ ಅಂತಾಳ. ದಿನಾ ಮ್ಯಾಲ ಹುಣಸಿಮರದ ತನಕ ಹೊಡಕೊಂಡ ಹೋಗಬೇಕು," ಎನ್ನುತ್ತಿದ್ದರು.

"ಸೊಕ್ಕ ಬಂದದ ಬಿಡ್ರಿ ಅತ್ತಿ ಆಕಿಗಿ," ಎಂದು ನಾನು ಪರೀಕ್ಷೆಯ ಪೇಪರು ತಿದ್ದುತ್ತಲೇ ಹೇಳುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಎಮ್ಮೆಯ ಮನಸ್ಸು ನನ್ನ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಏಪ್ರಿಲ್‌ನಲ್ಲಿ ನಾದಿನಿ ಸುಜಾತಾ ಫೋನು ಮಾಡಿದಳು. ಆಕೆ ವೇಲ್ಸ್‌ನ ಒಂದು ಸಣ್ಣ ಊರಿನಲ್ಲಿ ನರ್ಸು. ಹೆರಿಗೆಯಾಗಿತ್ತು, ಹೆಣ್ಣು ಮಗು. ಬಾಣಂತನಕ್ಕೆ ಅವ್ವ ಬರಲೇಬೇಕು ಎಂದಳು. ಅತ್ತೆಗೆ ಇಂಗ್ಲಿಷ್ ಬಾರದು, ನನಗೆ ಬೇಸಿಗೆ ರಜೆ. ಎಮ್ಮೆಯನ್ನು ನನ್ನ ಗಂಡನಿಗೆ ಒಪ್ಪಿಸಿ ನಾವಿಬ್ಬರೂ ಹೊರಟೆವು. ಪಾಸ್‌ಪೋರ್ಟಿನ ಫೋಟೊದಲ್ಲಿ ಅತ್ತೆ ಯಾರನ್ನೋ ಬೈಯುವ ಮುಖ ಮಾಡಿದ್ದರು, ನಾನು ಬೈಸಿಕೊಂಡವಳ ಹಾಗೆ ಕಾಣುತ್ತಿದ್ದೆ.

ಹೈದರಾಬಾದ್ ವಿಮಾನ ನಿಲ್ದಾಣ

ಚೀಲದಲ್ಲಿ ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿ, ಖಾರೀಕು ಎಂಬ ಒಣ ಖರ್ಜೂರ, ಶೇಂಗಾ ಚಟ್ನಿ, ಕಡಕ್ ರೊಟ್ಟಿ. ಜೊತೆಗೆ ಬಸವಕಲ್ಯಾಣದ ಅಂಗಡಿಯಿಂದ ಆರಿಸಿ ತಂದ ತೆಳು ಹತ್ತಿಯ ಬಿಳಿ ಮಲ್ ಬಟ್ಟೆಯ ಒಂದು ದೊಡ್ಡ ಗಂಟು. ಮಗುವಿಗೆ ಸುತ್ತಲು ಅದಕ್ಕಿಂತ ಮೆತ್ತಗಿನ ಬಟ್ಟೆ ಈ ಲೋಕದಲ್ಲಿ ಇಲ್ಲವೆಂಬುದು ಅತ್ತೆಯ ನಂಬಿಕೆ. ತಪಾಸಣೆ ಮಾಡುವವನು ಉಂಡಿಯನ್ನು ಎರಡು ಸಲ ಮಷಿನ್ನಿನೊಳಗೆ ಹಾಯಿಸಿ ನೋಡಿ, ಕೊನೆಗೆ ಅತ್ತೆಯ ಮುಖ ನೋಡಿ ಬಿಟ್ಟುಕೊಟ್ಟ.

ಒಳಗೆ ಕುಡಿಯುವ ನೀರಿನ ನಲ್ಲಿ ಇತ್ತು. ಅತ್ತೆ ಸೆರಗನ್ನು ನಾಲ್ಕು ಮಡಿಕೆ ಮಾಡಿ ಬಾಟಲಿಯ ಬಾಯಿಗೆ ಹಿಡಿದು ನೀರು ತುಂಬಿದರು. ಹಿಂದೆ ಸರತಿಯಲ್ಲಿ ನಿಂತವರು ಕೆಮ್ಮಿದರು.

"ಇದು ಫಿಲ್ಟರ್ ನೀರ್ರಿ ಅತ್ತಿ."

"ಇರ್ಲಿ. ಸೋಸಿದ್ರ ಯಾರ ಗಂಟ ಹೋಗ್ತದ?"

ಈ ಸೋಸುವ ರೂಢಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅತ್ತೆ ಬಾವಿಯ ನೀರನ್ನೂ ಸೋಸುತ್ತಾರೆ, ನಲ್ಲಿಯ ನೀರನ್ನೂ ಸೋಸುತ್ತಾರೆ. ಸೋಸಿದ ಮೇಲೆ ಬಟ್ಟೆಯನ್ನು ಎಲ್ಲೆಂದರಲ್ಲಿ ಜಾಡಿಸುವುದಿಲ್ಲ. ನೀರು ಎಲ್ಲಿಂದ ಬಂತೋ ಅಲ್ಲಿಗೇ ಹೋಗಿ, ಬಟ್ಟೆ ತಿರುವಿ, ಅದೇ ನೀರಿನಲ್ಲಿ ತೊಳೆಯುತ್ತಾರೆ. "ಅದರ ಜೀವ ಅದರ ಮನ್ಯಾಗ ಇರ್ಲಿ" ಎಂಬುದು ಅವರ ವಾದ. ವಿಮಾನ ನಿಲ್ದಾಣದಲ್ಲಿಯೂ ಸೆರಗನ್ನು ನಲ್ಲಿಯ ಕೆಳಗೇ ತೊಳೆದರು.

ವೇಲ್ಸ್, ಮೊದಲ ವಾರ

ರೈಲಿನಿಂದ ಇಳಿದಾಗ ನನಗೆ ಮೊದಲು ಕಂಡದ್ದು ಬೋರ್ಡು. ಎಲ್ಲವೂ ಎರಡು ಭಾಷೆಯಲ್ಲಿ. ಮೇಲೆ ವೆಲ್ಷ್, ಕೆಳಗೆ ಇಂಗ್ಲಿಷ್. ಅಂಗಡಿಯಾಕೆ ಒಬ್ಬರೊಡನೆ ವೆಲ್ಷ್, ಇನ್ನೊಬ್ಬರೊಡನೆ ಇಂಗ್ಲಿಷ್ ಆಡುತ್ತಿದ್ದಳು. ಬಸವಕಲ್ಯಾಣದ ಬಸ್ ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಚೌಕಾಸಿ ಶುರುವಾಗಿ ಮರಾಠಿಯಲ್ಲಿ ಜಗಳವಾಗಿ ಉರ್ದುವಿನಲ್ಲಿ ರಾಜಿಯಾಗುವುದನ್ನು ಕಂಡ ನನಗೆ ಮನೆಗೇ ಬಂದ ಹಾಗಾಯಿತು. ಊರಿನ ಹೆಸರನ್ನು ಮಾತ್ರ ಮೂರು ವಾರವಾದರೂ ಬಾಯಿಗೆ ತಂದುಕೊಳ್ಳಲಾಗಲಿಲ್ಲ. ಅದರಲ್ಲಿ ಸ್ವರಗಳೇ ಇರಲಿಲ್ಲವೇನೋ.

ಸುಜಾತಳದು ಸಾಲುಮನೆಗಳಲ್ಲಿ ಒಂದು ಬಾಡಿಗೆ ಮನೆ. ಹಿಂದೆ ಹಿತ್ತಲು, ಹಿತ್ತಲ ಕೊನೆಗೆ ಹೊಳೆ. ಹೊಳೆ ಎಂದರೆ ನಮ್ಮ ಹಳ್ಳದಷ್ಟೇ ಅಗಲ, ಆದರೆ ಮೇ ತಿಂಗಳಿನಲ್ಲೂ ಬತ್ತದೆ ಗುಳುಗುಳು ಹರಿಯುತ್ತಿತ್ತು. ಆಚೆ ದಂಡೆಯಲ್ಲಿ ಒಬ್ಬ ರೈತನ ಹುಲ್ಲುಗಾವಲು, ಅದರಲ್ಲಿ ಕಪ್ಪು-ಬಿಳಿ ಆಕಳುಗಳು. ಅತ್ತೆ ಮಗುವನ್ನು ಎತ್ತಿಕೊಂಡು ಮುದ್ದಾಡಿ, ಮಗಳ ಹಣೆ ಮುಟ್ಟಿ ನೋಡಿ, ನೇರ ಹಿತ್ತಲಿಗೆ ಹೋಗಿ ಆಕಳುಗಳನ್ನು ನೋಡುತ್ತ ನಿಂತರು.

ಸುಜಾತಳ ಅಡುಗೆಮನೆಯಲ್ಲೇ ಬಟ್ಟೆ ಒಗೆಯುವ ಮಷಿನ್ ಇತ್ತು. ನಮ್ಮ ಮನೆಗೂ ದೀಪಾವಳಿಗೆ ಒಂದು ಬಂದಿದೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡೆ. ಹೊಸ ಬಚ್ಚಲು ಕಟ್ಟಿಸಿ, ಮಷಿನ್ ಕೂಡಿಸಿ, ಬಚ್ಚಲು ಕಟ್ಟಿದ ಗೌಂಡಿಗೇ ಹೇಳಿ ಒಂದೇ ದಿನದಲ್ಲಿ ಪೈಪು ಎಳೆಸಿ ಮುಗಿಸಿದ್ದೆ. ಮನೆಯಲ್ಲಿ ನನ್ನ ಹಟದಿಂದ ಆದ ಕೆಲಸ ಅದೊಂದೇ.

ಮೂರನೆಯ ದಿನ ಅತ್ತೆ ಮಗುವಿಗೆ ಎಣ್ಣೆ ಹಚ್ಚಿ ಎರೆದು, ತವೆಯ ಮೇಲೆ ಲೋಬಾನ ಹಾಕಿದರು. ಹೊಗೆ ಎದ್ದದ್ದೇ ತಡ, ಚಾವಣಿಗೆ ಕೂಡಿಸಿದ ಹೊಗೆಯ ಅಲಾರಂ ಕಿರುಚತೊಡಗಿತು. ನಾನು ಸ್ಟೂಲು ಹತ್ತಿ ಟವೆಲ್ಲು ಬೀಸುತ್ತಿದ್ದಾಗ ಪಕ್ಕದ ಮನೆಯ ಮುದುಕಿ ಗೋಡೆ ದಾಟಿ ಒಂದು ಬಕೆಟ್ ನೀರಿನೊಂದಿಗೆ ಬಂದರು. ಅವರೇ ಗ್ವೆನ್. ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಒಬ್ಬರೇ ಇರುವವರು. ಬೆಂಕಿ ಇಲ್ಲ, ಕೂಸಿಗೆ ಹೊಗೆ ಹಾಕುತ್ತಿದ್ದೇವೆ ಎಂದು ತಿಳಿಸಿದಾಗ ಬಕೆಟ್ ಕೆಳಗಿಟ್ಟು, "ವಾಸನೆ ಚೆನ್ನಾಗಿದೆ" ಎಂದು ಅಲ್ಲೇ ಕುಳಿತರು. ಅತ್ತೆ ಅವರಿಗೆ ಅಂಟಿನ ಉಂಡಿ ಕೊಟ್ಟರು. ಅಂದಿನಿಂದ ಅವರು ಅತ್ತೆಯ ಬಾಯಲ್ಲಿ ಗ್ವೆನವ್ವ ಆದರು.

ಗ್ವೆನ್ ಅವರ ತಟ್ಟೆ

ಗ್ವೆನ್ ಅವರಿಗೆ ಹೊಳೆಯ ಹುಚ್ಚು. ತಿಂಗಳಿಗೊಮ್ಮೆ ಉದ್ದ ಬೂಟು ತೊಟ್ಟು ನೀರಿಗಿಳಿದು, ಮೂರು ನಿಮಿಷ ತಳದ ಕಲ್ಲುಗಳನ್ನು ಕಾಲಿನಿಂದ ಒದೆಯುತ್ತ, ಎದ್ದುಬಂದದ್ದನ್ನೆಲ್ಲ ಬಲೆಯಲ್ಲಿ ಹಿಡಿಯುತ್ತಾರೆ. ಅದನ್ನು ಬಿಳಿ ತಟ್ಟೆಗೆ ಸುರಿದು ಹುಳ ಎಣಿಸುತ್ತಾರೆ. ಎಣಿಸಿ ಮತ್ತೆ ಹೊಳೆಗೇ ಬಿಡುತ್ತಾರೆ. ಆ ಊರಿನಲ್ಲಿ ಇದು ಕೆಲವರು ಸ್ವಂತ ಖುಷಿಗೆ ಮಾಡುವ ಕೆಲಸ.

ನನ್ನನ್ನು ಮೊದಲ ಸಲ ತಟ್ಟೆಯ ಮುಂದೆ ಕೂರಿಸಿದ ದಿನವನ್ನು ನಾನು ಮರೆಯಲಾರೆ. ಮೊದಲು ಕಂಡದ್ದು ಕಸ, ಎಲೆಚೂರು, ಮರಳು. ಆಮೇಲೆ ಕಸ ನಡೆದಾಡಿತು. ಮೂರು ಬಾಲದ ಒಂದು ಹುಳ ತಟ್ಟೆಯ ಅಂಚಿಗೆ ಈಜಿ ಬಂದು ಹೊಟ್ಟೆಯ ಪಕ್ಕದ ರೆಕ್ಕೆಯಂಥ ಸಣ್ಣ ಕಿವಿರುಗಳಿಂದ ಉಸಿರಾಡುತ್ತ ನಿಂತಿತು. ಎರಡು ಬಾಲದ ಇನ್ನೊಂದು. ಮರಳಿನ ಕಣ ಕಣ ಅಂಟಿಸಿಕೊಂಡು ಕೊಳವೆಯಂಥ ಮನೆ ಕಟ್ಟಿಕೊಂಡು, ಅದನ್ನು ಎಳೆದುಕೊಂಡೇ ತಿರುಗುವ ಮತ್ತೊಂದು. ಯಾವ ಗೌಂಡಿಯೂ ಇಲ್ಲದೆ. ನನ್ನ ಮೈ ಜುಮ್ಮೆಂದಿತು. ಹದಿನೈದು ವರ್ಷದಿಂದ ಜಲಮಾಲಿನ್ಯದ ಪಾಠ ಮಾಡಿದ್ದೇನೆ. ಕಾರಣಗಳು, ಪರಿಣಾಮಗಳು, ಪರಿಹಾರೋಪಾಯಗಳು ಎಂದು ಬೋರ್ಡಿನ ಮೇಲೆ ಗೆರೆ ಎಳೆದು ಬರೆಸಿದ್ದೇನೆ. ನಮ್ಮ ಮನೆಯ ಹಿಂದಿನ ಹಳ್ಳಕ್ಕೆ ಮಕ್ಕಳನ್ನು ಒಂದು ಸಲವೂ ಕರೆದುಕೊಂಡು ಹೋಗಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಖುಷಿಯೇ ಹೆಚ್ಚು.

"ಇವು ಕೆಟ್ಟ ನೀರಿನಲ್ಲಿ ಬದುಕಲಾರವು," ಎಂದರು ಗ್ವೆನ್. "ನೀರನ್ನು ಈ ಕ್ಷಣ ಪರೀಕ್ಷಿಸಿದರೆ ಈ ಕ್ಷಣದ್ದು ಮಾತ್ರ ತಿಳಿಯುತ್ತದೆ. ಹೊಲಸು ಹರಿದು ಹೋಗಿಬಿಟ್ಟಿರುತ್ತದೆ. ಹುಳಗಳು ಇಲ್ಲೇ ಇರುತ್ತವಲ್ಲ. ಅವು ಇಲ್ಲ ಎಂದರೆ ಏನೋ ಆಗಿದೆ ಎಂದೇ ಅರ್ಥ."

ಅವರ ಸಂಕಟ ಏನೆಂಬುದೂ ಆಗ ತಿಳಿಯಿತು. ರೈತನ ಹುಲ್ಲುಗಾವಲಿಗಿಂತ ಮೇಲೆ ಹೊಳೆಯಲ್ಲಿ ಹುಳ ತುಂಬಿ ತುಳುಕುತ್ತಿದ್ದವು. ಹುಲ್ಲುಗಾವಲು ದಾಟಿದ ಮೇಲೆ ಬೆರಳೆಣಿಕೆಯಷ್ಟು. ಆಕಳುಗಳು ಹೊಳೆಗಿಳಿದು ಸೆಗಣಿ ಹಾಕಿ ನೀರು ಕೆಡಿಸುತ್ತಿವೆ ಎಂದು ಒಂದು ವರ್ಷದಿಂದ ಪರಿಸರ ಇಲಾಖೆಗೆ ಪತ್ರ ಬರೆಯುತ್ತಿದ್ದರು. ರೈತ ಮಾತು ಬಿಟ್ಟಿದ್ದ. ಕೊನೆಗೂ ಒಬ್ಬರು ಅಧಿಕಾರಿ ಬರುವುದು ಗೊತ್ತಾಗಿತ್ತು: ಗುರುವಾರ, ಸಂಜೆ ನಾಲ್ಕು ಗಂಟೆಗೆ. ತೋರಿಸಲು ಏನೂ ಇಲ್ಲದಿದ್ದರೆ ಫೈಲು ಮುಚ್ಚುತ್ತಾರೆ, ಹೊಳೆ ಹೀಗೇ ಸಾಯುತ್ತದೆ ಎಂದರು ಗ್ವೆನ್.

ಗುರುವಾರ, ಮಧ್ಯಾಹ್ನ

ಅಂದು ಬೆಳಿಗ್ಗೆ ಗ್ವೆನ್ ಎರಡೂ ಕಡೆ ನೀರಿಗಿಳಿದು ಎರಡು ಬಕೆಟ್ ತುಂಬಿ ತಂದಿದ್ದರು. ನೀಲಿ ಬಕೆಟ್ ಮೇಲಿನದು, ಹಸಿರು ಬಕೆಟ್ ಕೆಳಗಿನದು. ನಮ್ಮ ಎರಡೂ ಮನೆಗಳ ನಡುವಿನ ಗೋಡೆಯ ನೆರಳಲ್ಲಿ ಇಟ್ಟು, "ಸ್ವಲ್ಪ ನೋಡಿಕೊಳ್ಳಿ, ಬೆಕ್ಕು ಬರದ ಹಾಗೆ" ಎಂದು ನನಗೆ ಹೇಳಿ ಔಷಧಿ ತರಲು ಪೇಟೆಗೆ ಹೋದರು. ಅವರ ಮೊಣಕಾಲು ಊದಿಕೊಂಡಿತ್ತು. ಅಷ್ಟರಲ್ಲಿ ಮಗು ಅತ್ತಿತು. "ಅತ್ತಿ, ಗ್ವೆನವ್ವನ ನೀರ ಜರಾ ಜೋಪಾನ್ರಿ," ಎಂದು ಹೇಳಿ ನಾನು ಒಳಗೆ ಹೋದೆ.

ಅರ್ಧ ಗಂಟೆಯ ಮೇಲೆ ಹೊರಗೆ ಬಂದರೆ ಎರಡೂ ಬಕೆಟ್ ಫಳಫಳ ಹೊಳೆಯುತ್ತಿವೆ. ಒಳಗೆ ಗಾಜಿನಂಥ ತಿಳಿನೀರು. ಬಾಯಿಗೆ ಬಸವಕಲ್ಯಾಣದ ಬಿಳಿ ಬಟ್ಟೆ ಕಟ್ಟಿದೆ. ಅತ್ತೆ ಹೊಳೆಯ ಕಡೆಯಿಂದ ಇನ್ನೊಂದು ಒದ್ದೆ ಬಟ್ಟೆ ಹಿಂಡುತ್ತ ಬರುತ್ತಿದ್ದಾರೆ.

"ಅತ್ತಿ, ಏನ್ ಮಾಡಿದ್ರಿ?"

"ಸೋಸಿದ್ನವಾ. ಪಾಪ, ಒಂಟಿ ಮುದುಕಿ, ಕಾಲ ಎಳಕೋಂತ ಹೊಳಿಯಿಂದ ನೀರ ತಂದಾಳ. ನೋಡಿದ್ರ ಬರೇ ಹುಳ. ಹ್ಯಾಂಗ ಕುಡದಾಳು?"

"ಹುಳ ಎಲ್ಲ್ಯವರಿ?"

"ಹೊಳ್ಯಾಗ ಬಿಟ್ಟ ಬಂದೆ. ಅದರ ಜೀವ ಅದರ ಮನ್ಯಾಗ."

ಒಂದು ವರ್ಷದ ಪತ್ರಗಳು, ಊದಿದ ಮೊಣಕಾಲು, ನಾಲ್ಕು ಗಂಟೆಯ ಅಧಿಕಾರಿ, ಎಲ್ಲವೂ ನಾಲ್ಕು ಮಡಿಕೆಯ ಮಲ್ ಬಟ್ಟೆಯಲ್ಲಿ ಸೋಸಿಹೋಗಿತ್ತು. ಗೇಟಿನ ಸದ್ದಾಯಿತು. ಗ್ವೆನ್ ಬಂದರು, ಬಕೆಟ್ ನೋಡಿದರು, ಬಟ್ಟೆ ನೋಡಿದರು, ಅತ್ತೆಯ ಸಂತೋಷದ ಮುಖ ನೋಡಿದರು. ನಮ್ಮ ಓಣಿಯಲ್ಲಿ ಇಂಥದ್ದು ಆಗಿದ್ದರೆ ಮೂರು ಓಣಿಗೆ ಕೇಳುವ ಹಾಗೆ ಮಾತುಗಳು ಬರುತ್ತಿದ್ದವು. ಗ್ವೆನ್ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟರು.

ನಾನು ಹಿಂದೆಯೇ ಹೋಗಿ ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು, ಏನೆಂದು ಬಿಡಿಸಿ ಹೇಳದೆ ಬಿಟ್ಟೆ ಎಂದೆ. ಅವರು, "ನಾನು ಕುಡಿಯಲಿ ಎಂದು ಸೋಸಿದರೇ?" ಎಂದು ಕೇಳಿ, ಕಣ್ಣು ಒರೆಸಿಕೊಂಡು ನಕ್ಕರು. ಗಡಿಯಾರ ನೋಡಿದರು. ಎರಡು ಗಂಟೆ. "ನನ್ನಿಂದ ಮತ್ತೆ ಇಳಿಯಲಾಗದು. ನೀವು ಇಳಿಯುತ್ತೀರಾ?"

ಹೊಳೆಯೊಳಗೆ

ಗ್ವೆನ್ ಅವರ ಬೂಟು ನನಗೆ ಮೂರು ಬೆರಳು ದೊಡ್ಡದು. ಮೇಲಿನ ಜಾಗದಲ್ಲಿ ಹೇಗೋ ಮುಗಿಸಿದೆ. ನೀಲಿ ಬಕೆಟ್ಟಿನ ತುಂಬ ಮತ್ತೆ ಮೂರು ಬಾಲದವು ಬಂದಾಗ ಕೂಗಬೇಕು ಅನ್ನಿಸಿತು. ಆದರೆ ಕೆಳಗಿನ ಜಾಗಕ್ಕೆ ಬರುವಾಗ ಪಾಚಿಯ ಕಲ್ಲಿನ ಮೇಲೆ ಕಾಲಿಟ್ಟು ಬೆನ್ನ ಮೇಲೆ ಬಿದ್ದೆ. ಬೂಟಿನೊಳಗೆ ಹೊಳೆಯೇ ಬಂದು ಕುಳಿತಿತು. ಮೇ ತಿಂಗಳ ನೀರು ಹೀಗೆ ಮಂಜುಗಡ್ಡೆಯ ಹಾಗೆ ಇರುತ್ತದೆಂದು ಹುಮನಾಬಾದದವಳಿಗೆ ಹೇಗೆ ಗೊತ್ತಾಗಬೇಕು. ಗ್ವೆನ್ ದಂಡೆಯ ಮೇಲೆ ಗಾಬರಿಯಾಗಿ ಕೋಲು ಚಾಚಿದರು. ಅತ್ತೆ ನನ್ನ ಕಡೆ ನೋಡಲೂ ಇಲ್ಲ. ಅವರು ಆಚೆ ದಂಡೆಯ ಆಕಳುಗಳನ್ನೇ ನೋಡುತ್ತ ಕುಳಿತಿದ್ದರು.

"ಶೋಭಾ, ಆ ದನ ನೋಡು."

"ನಾ ಇಲ್ಲಿ ಬಿದ್ದೇನ್ರಿ ಅತ್ತಿ."

"ಏಳ್ತಿ ಬಿಡು. ಆ ಆಕಳ ನೋಡು ಮದ್ಲ. ಇಲ್ಲಿ ಇಳಜಾರ ಛಲೋ ಅದ, ನೀರೂ ಅದ. ಬಂತು, ಮೂಸಿತು, ಹಿಂದ ಸರೀತು. ಈಗ ಮೂರನೇದು ಹೀಂಗ ಮಾಡಾಕತ್ತದ. ಎಲ್ಲಾ ಆ ವಾರಿ ಮರ ದಾಟಿ ಮ್ಯಾಲ ಹೋಗಿ ಕುಡಿಯಾಕತ್ತಾವ."

ನಾನು ನೀರು ಸುರಿಸುತ್ತಲೇ ಎದ್ದು ನೋಡಿದೆ. ನಿಜ. ಹುಲ್ಲುಗಾವಲಿನ ನಡುಮಧ್ಯಕ್ಕೆ ಎದುರಾಗಿ, ನಮ್ಮ ಕಡೆಯ ದಂಡೆಯಲ್ಲಿ ಒಂದು ಓರೆ ಬಾಗಿದ ಮರ ಇತ್ತು. ಆಕಳುಗಳು ಕೆಳಗಿನ ಸಲೀಸಾದ ಜಾಗ ಬಿಟ್ಟು, ಕೆಸರು ತುಳಿದುಕೊಂಡು ಮರ ದಾಟಿ ಮೇಲೆ ಹೋಗಿ ಬಾಯಿ ಇಡುತ್ತಿದ್ದವು.

"ಗ್ವೆನವ್ವಗ ಹೇಳು," ಎಂದರು ಅತ್ತೆ. "ದನ ತಾ ಕೆಡಿಸಿದ ನೀರ ತಾ ಕುಡೀತದ, ಅದಕ್ಕ ಫಿಕರ್ ಇಲ್ಲ. ದನಾನೇ ಒಲ್ಲೆ ಅಂತದಂದ್ರ ಅದು ಮಂದಿ ಕೆಡಿಸಿದ್ದು."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟರಲ್ಲಿ ಅತ್ತೆ ಸೀರೆಯ ಕಚ್ಚೆ ಬಿಗಿದು, ಬರಿಗಾಲಲ್ಲಿ ದಂಡೆಗುಂಟ ನಡೆದು ಆ ಮರದ ಬುಡಕ್ಕೆ ಹೋಗಿದ್ದರು. ಮುಳ್ಳುಕಂಟಿಯನ್ನು ಕೋಲಿನಿಂದ ಸರಿಸಿದರು. ಅದರ ಹಿಂದೆ ಮೊಣಕೈ ದಪ್ಪದ ಒಂದು ಪೈಪು. ಬಾಯಲ್ಲಿ ಬೂದು ಬಣ್ಣದ ಲೋಳೆ, ಅದರ ಕೆಳಗಿನ ಕಲ್ಲುಗಳ ಮೇಲೆಲ್ಲ ಅದೇ ಲೋಳೆ. ನಾವು ನೋಡುತ್ತಿದ್ದಂತೆಯೇ ಪೈಪು ಗೊರಕೆ ಹೊಡೆದು ಬೆಚ್ಚಗಿನ ನೊರೆನೀರು ಕಕ್ಕಿತು. ಸಾಬೂನಿನ ವಾಸನೆ ಬಂತು. ಸುಗಂಧದ ಸಾಬೂನು, ಮೂಗಿಗೆ ಹಿತವಾಗಿಯೇ ಇತ್ತು.

"ಇದು ಮಳೆನೀರಿನ ಪೈಪು. ಮಳೆಯೇ ಇಲ್ಲವಲ್ಲ ಇವತ್ತು," ಎಂದರು ಗ್ವೆನ್ ನಿಧಾನವಾಗಿ.

ಆಮೇಲೆ ನನಗೆ ಚಳಿ ಇರಲಿಲ್ಲ, ಕಾಲು ಇರಲಿಲ್ಲ, ಬರೀ ಓಟ ಇತ್ತು. ಪೈಪಿನಿಂದ ಹತ್ತು ಹೆಜ್ಜೆ ಮೇಲೆ ಮೂರು ನಿಮಿಷ ತಳದ ಕಲ್ಲು ಒದ್ದೆ. ಹತ್ತು ಹೆಜ್ಜೆ ಕೆಳಗೆ ಮೂರು ನಿಮಿಷ ಒದ್ದೆ. ಎರಡು ಬಿಳಿ ತಟ್ಟೆ ಪಕ್ಕಪಕ್ಕಕ್ಕೆ ಇಟ್ಟೆವು. ಮೇಲಿನದರಲ್ಲಿ, ಆಕಳುಗಳು ಕುಡಿಯುವಲ್ಲಿ, ತುಳಿಯುವಲ್ಲಿ, ಸೆಗಣಿ ಹಾಕುವಲ್ಲಿ, ಮೂರು ಬಾಲದವೂ ಎರಡು ಬಾಲದವೂ ಮರಳುಮನೆಯವೂ ಗಿಜಿಗುಡುತ್ತಿದ್ದವು. ಕೆಳಗಿನದರಲ್ಲಿ ಕೆಂಪು ದಾರದಂಥ ಹುಳ ಬಿಟ್ಟರೆ ಬೇರೆ ಯಾವುದೂ ಅಲುಗಾಡಲಿಲ್ಲ.

ಅತ್ತೆ ಎರಡನ್ನೂ ನೋಡಿ, "ನಾ ಸೋಸುವಾಗೂ ಹೀಂಗ ಇತ್ತು. ಒಂದು ಅರಿವ್ಯಾಗ ಜಾತ್ರಿ, ಇನ್ನೊಂದ್ರಾಗ ಬರೇ ಕೆಂಪು ದಾರ," ಎಂದರು. ಅವರು ಮೊದಲೇ ನೋಡಿದ್ದರು. ಯಾರೂ ಕೇಳಿರಲಿಲ್ಲ, ಅಷ್ಟೇ.

ನಾಲ್ಕು ಗಂಟೆ

ಅಧಿಕಾರಿ ಹೇಳಿದ ಸಮಯಕ್ಕೆ ಸರಿಯಾಗಿ ಬಂದಳು. ನಮ್ಮಲ್ಲಿ ನಾಲ್ಕು ಎಂದರೆ ಐದೂವರೆ ಎಂದು ತಿಳಿಯುವ ನಾನು ಇನ್ನೂ ಒದ್ದೆ ಬಟ್ಟೆಯಲ್ಲಿ ಕಂಬಳಿ ಹೊದ್ದು ನಿಂತಿದ್ದೆ. ಗ್ವೆನ್ ಅವರ ಕೈಯಲ್ಲಿ ದಪ್ಪ ಫೈಲು. ಒಂದು ವರ್ಷದ ಪತ್ರಗಳು, ಆಕಳುಗಳ ಫೋಟೊ, ರೈತನ ಮೇಲಿನ ದೂರು. ಅವರು ಅದನ್ನು ತೆರೆಯಲಿಲ್ಲ.

"ಇದರಲ್ಲಿ ಅರ್ಧ ನಿಜ, ಅರ್ಧ ತಪ್ಪು," ಎಂದರು. "ಹೊಳೆ ಸಾಯುತ್ತಿರುವುದು ನಿಜ. ಆಕಳುಗಳ ಮೇಲೆ ಬರೆದದ್ದು ನನ್ನ ತಪ್ಪು. ಬನ್ನಿ, ತೋರಿಸುತ್ತೇನೆ."

ಒಂದು ವರ್ಷ ಸಾಧಿಸಿದ್ದನ್ನು ಹೊರಗಿನವರ ಮುಂದೆ ಹೀಗೆ ಒಂದೇ ಉಸಿರಿನಲ್ಲಿ ತಪ್ಪೆಂದು ಹೇಳುವುದು ನನ್ನಿಂದ ಆಗುತ್ತಿತ್ತೇ ಎಂದು ಯೋಚಿಸಿದೆ. ಆಗುತ್ತಿರಲಿಲ್ಲ. ನಾನು ತಪ್ಪು ಉತ್ತರಕ್ಕೆ ಕೆಂಪು ಗೆರೆ ಹಾಕಿ ಅಭ್ಯಾಸವಿರುವವಳು, ಹಾಕಿಸಿಕೊಂಡು ಅಲ್ಲ.

ಅಧಿಕಾರಿ ಮೊಣಕಾಲೂರಿ ಎರಡೂ ತಟ್ಟೆ ನೋಡಿದಳು, ಪೈಪಿನ ಫೋಟೊ ತೆಗೆದಳು, ಬಾಟಲಿಯಲ್ಲಿ ನೀರು ತುಂಬಿಕೊಂಡಳು. ಪೈಪು ಇಲ್ಲಿದೆಯೆಂದು ಹೇಗೆ ತಿಳಿಯಿತು ಎಂದು ಕೇಳಿದಳು. ಗ್ವೆನ್ ಅತ್ತೆಯನ್ನು ತೋರಿಸಿದರು.

"ಆಕಳ ಹೇಳಿದ್ವು ಅಂತ ಬರ್ಕೋ ಅನ್ನು," ಎಂದರು ಅತ್ತೆ. ನಾನು ಹಾಗೆಯೇ ಅನುವಾದ ಮಾಡಿದೆ. ಅವಳು ಹಾಗೆಯೇ ಬರೆದುಕೊಂಡಳು.

ಮರುವಾರ ಇಲಾಖೆಯವರು ಸಾಲುಮನೆಗಳ ಮೋರಿಗಳಲ್ಲಿ ಒಂದೊಂದಾಗಿ ಹಸಿರು ಬಣ್ಣ ಸುರಿದು ನೋಡಿದರು. ಹೊಸದಾಗಿ ಅಡುಗೆಮನೆ ಕಟ್ಟಿಸಿಕೊಂಡ ಒಂದು ಮನೆಯ ಬಣ್ಣ ಪೈಪಿನಿಂದ ಹೊರಬಂತು. ಕೆಲಸದವನು ಬಟ್ಟೆ ಒಗೆಯುವ ಮಷಿನ್ನಿನ ಪೈಪನ್ನು ಹತ್ತಿರವಿದೆಯೆಂದು ಮಳೆನೀರಿನ ಪೈಪಿಗೆ ಜೋಡಿಸಿಬಿಟ್ಟಿದ್ದ. ಆ ಮನೆಯ ಗಂಡ-ಹೆಂಡತಿ ಒಳ್ಳೆಯವರು, ಏನೂ ಗೊತ್ತಿಲ್ಲದವರು. ನಾಚಿಕೆಯಿಂದ ಕೆಂಪಾಗಿ ಎರಡೇ ದಿನದಲ್ಲಿ ಸರಿ ಮಾಡಿಸಿದರು. ಗ್ವೆನ್ ಕುಂಟುತ್ತ ಸೇತುವೆ ದಾಟಿ ರೈತನ ಮನೆಗೆ ಹೋಗಿ ಬಂದರು. ಏನು ಮಾತಾಡಿದರೋ ಹೇಳಲಿಲ್ಲ. ಮರುದಿನ ನಮ್ಮ ಬಾಗಿಲಲ್ಲಿ ಹಾಲಿನ ದೊಡ್ಡ ಕ್ಯಾನು ಇತ್ತು. ಅತ್ತೆ ಶಾವಿಗೆ ಪಾಯಸ ಮಾಡಿ ಎರಡೂ ಮನೆಗೆ ಕಳಿಸಿದರು.

ಹೊರಡುವ ದಿನ ಗ್ವೆನ್ ತಮ್ಮ ಒಂದು ಬಿಳಿ ತಟ್ಟೆಯನ್ನು ನನಗೆ ಕೊಟ್ಟರು. ಅತ್ತೆ ಅವರಿಗೆ ಮಲ್ ಬಟ್ಟೆಯ ಒಂದು ತುಂಡು ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಗೋಡೆಯ ಆಚೀಚೆ ನಿಂತು ಬಹಳ ಹೊತ್ತು ಕೈ ಹಿಡಿದುಕೊಂಡಿದ್ದರು.

ಮತ್ತೆ ಹುಮನಾಬಾದ

ಜೂನ್‌ನ ಮೊದಲ ಮಳೆಗಳು ಬಿದ್ದು ನಮ್ಮ ಹಳ್ಳ ಸಣ್ಣಗೆ ಹರಿಯುತ್ತಿತ್ತು. ಊರಿಗೆ ಬಂದ ಮರುದಿನವೇ, ನಿದ್ದೆಯ ಲೆಕ್ಕ ಇನ್ನೂ ಸರಿಹೋಗದಿದ್ದರೂ, ನಾನು ಮಷಿನ್ನಿಗೆ ಪ್ರವಾಸದ ಬಟ್ಟೆ ತುಂಬಿ ಹಚ್ಚಿ, ಬಿಳಿ ತಟ್ಟೆ ಹಿಡಿದು ಹಳ್ಳಕ್ಕೆ ಹೊರಟೆ. ಶಾಲೆ ಶುರುವಾದ ಮೇಲೆ ಒಂಬತ್ತನೆಯ ತರಗತಿಯನ್ನು ಇಲ್ಲಿಗೇ ಕರೆತರಬೇಕು, ಯಾವ ಹುಳ ಇವೆಯೋ ಇವತ್ತೇ ನೋಡಿಬಿಡೋಣ ಎಂಬ ಹುಮ್ಮಸ್ಸು. ಅತ್ತೆ ಚಂದ್ರಿಯ ಹಗ್ಗ ಬಿಚ್ಚಿಕೊಂಡು ಜೊತೆಗೆ ಬಂದರು.

ಚಂದ್ರಿ ಮನೆಯ ಹಿಂದಿನ ಇಳಿಜಾರಿನಲ್ಲಿ ಇಳಿದಳು. ನೀರಿಗೆ ಮೂತಿ ಚಾಚಿದಳು. ಮೂಸಿದಳು. ಫುಸ್ ಎಂದು ಉಸಿರುಬಿಟ್ಟು ಹಿಂದೆ ಸರಿದು, ದಂಡೆ ಹತ್ತಿ ಹುಣಸೆಮರದ ಕಡೆಗೆ ನಡೆದಳು.

ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಮೂಗಿಗೆ ಹಿತವಾದ ವಾಸನೆ ಬರುತ್ತಿತ್ತು. ಎರಡು ಹೆಜ್ಜೆ ಆಚೆ, ಜಾಲಿಕಂಟಿಯ ಬುಡದಲ್ಲಿ, ದೀಪಾವಳಿಗೆ ನಾನೇ ನಿಂತು ಹಾಕಿಸಿದ ಬಿಳಿ ಪೈಪು. ಅದು ಗೊರಕೆ ಹೊಡೆದು ನೊರೆನೀರು ಕಕ್ಕಿತು. ಅದರಲ್ಲಿ ವೇಲ್ಸ್‌ನಲ್ಲಿ ಬಿದ್ದಾಗ ಸೀರೆಗೆ ಹತ್ತಿ, ಅಲ್ಲಿ ಒಗೆದರೂ ಹೋಗದ ಪಾಚಿಯ ಕೊಳೆಯೂ ಇತ್ತು.

ಅತ್ತೆ ನನ್ನ ಕಡೆ ನೋಡಲಿಲ್ಲ. ಹಗ್ಗ ಸುತ್ತುತ್ತ ನಿಂತಿದ್ದರು.

"ನಿಮಗ ಗೊತ್ತಿತ್ತಲ್ರಿ ಅತ್ತಿ. ಯಾಕ ಹೇಳ್ಲಿಲ್ರಿ?"

"ಹೇಳಿದ್ನಲ್ಲವಾ, ಎಮ್ಮಿ ಒಲ್ಲೆ ಅನ್ನಾಕತ್ತಾಳ ಅಂತ. ನೀ ಪೇಪರ ತಿದ್ದಾಕತ್ತಿದ್ದಿ."

ನಾನು ತಟ್ಟೆಯನ್ನು ದಂಡೆಯ ಮೇಲಿಟ್ಟು ಒಳಗೆ ಹೋಗಿ ಮಷಿನ್ನಿನ ಸ್ವಿಚ್ಚು ಆರಿಸಿ ಬಂದೆ. ಪೈಪು ಇನ್ನೂ ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಂತಿತು. ಗ್ವೆನ್ ಮುಚ್ಚಿದ ಫೈಲನ್ನು ಎದೆಗೆ ಹಿಡಿದು ನಿಂತಿದ್ದ ರೀತಿ ನೆನಪಾಯಿತು.

"ಅತ್ತಿ, ಸೊಕ್ಕ ಬಂದಿದ್ದು ಎಮ್ಮಿಗಿ ಅಲ್ರಿ," ಎಂದೆ.

ಅತ್ತೆ ಮೊದಲ ಸಲ ನನ್ನ ಮುಖ ನೋಡಿದರು. ನಗಲಿಲ್ಲ, ಬೈಯಲೂ ಇಲ್ಲ.

"ಬಾಳಿಗಿಡಕ್ಕ ಒಂದು ತೆಗ್ಗ ತೋಡಿಸಿ, ಪೈಪ ಅದಕ್ಕ ತಿರುವಾನು," ಎಂದರು. "ಗೌಂಡಿಗಿ ಫೋನ್ ಹಚ್ಚು."